ಊರು ಮಿದುಳಿಗಿಳಿಯುವ ದಾರಿ

ಎರಡೇ ಎರಡು ಗಂಟೆ! ಒಂದಷ್ಟು ಇಲಿಗಳನ್ನು ಅಲುಗಾಡಲಾಗದಂತೆ ಚೀಲದಲ್ಲಿ ಎರಡು ಗಂಟೆ ಹಿಡಿದಿಟ್ಟರು, ಆಮೇಲೆ ಬಿಟ್ಟರು. ಹೊಡೆಯಲಿಲ್ಲ, ಗಾಯ ಮಾಡಲಿಲ್ಲ, ಉಪವಾಸ ಕೆಡವಲಿಲ್ಲ. ಮಾರನೆಯ ದಿನ ಪರೀಕ್ಷಿಸಿದ ಇಲಿಗಳು ಎಂದಿನ ಹಾಗೇ ಇದ್ದವು. ಮಿದುಳಿನ ತೆಳುಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೂ ವ್ಯತ್ಯಾಸವಿಲ್ಲ. ಆದರೆ ಹತ್ತು ದಿನ ಬಿಟ್ಟು ನೋಡಿದ ಇಲಿಗಳಲ್ಲಿ? ಭಯವನ್ನು ಆಳುವ ಜಾಗದ ನರಕೋಶಗಳ ಮೈಮೇಲೆ ಹೊಸ ಮುಳ್ಳುಗಳು ಎದ್ದಿದ್ದವು! ಇಲಿಗಳು ಬಯಲಿಗೆ ಕಾಲಿಡಲು ಅಂಜುತ್ತಿದ್ದವು. ನಡುವಿನ ಹತ್ತು ದಿನ ಅವನ್ನು ಯಾರೂ ಮುಟ್ಟಿರಲಿಲ್ಲ. ಮುಗಿದೇಹೋದ ಎರಡು ಗಂಟೆ ಒಳಗೊಳಗೇ ಬೆಳೆಯುತ್ತಿತ್ತು.

ಇದು ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿಯವರ ಪ್ರಯೋಗಾಲಯ 2005ರಲ್ಲಿ ಪ್ರಕಟಿಸಿದ ಸಂಗತಿ. ಅದಕ್ಕೂ ಮೂರು ವರ್ಷ ಮೊದಲು, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರ ಜೊತೆಗೂಡಿ, ಇದೇ ತಂಡ ಇನ್ನೊಂದು ಬೆರಗನ್ನು ಕಂಡಿತ್ತು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಹಿಡಿದಿಟ್ಟ ಇಲಿಗಳಲ್ಲಿ, ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಭಾಗದ ನರಕೋಶಗಳು ರೆಂಬೆ ಕಡಿದ ಮರದಂತೆ ಮೊಟಕಾಗಿದ್ದವು. ಒತ್ತಡಕ್ಕೆ ಆ ಭಾಗ ಸೊರಗುತ್ತದೆ ಎಂಬುದು ಮೊದಲೇ ಗೊತ್ತಿತ್ತು. ಯಾರೂ ಊಹಿಸದೇ ಇದ್ದದ್ದು ಇದು: ಅದೇ ಇಲಿಯ ಅದೇ ಮಿದುಳಿನಲ್ಲಿ, ಬಾದಾಮಿ ಆಕಾರದ ಅಮಿಗ್ಡಲಾ ಎಂಬ ಭಾಗದಲ್ಲಿ, ನರಕೋಶಗಳು ಸೊರಗುವ ಬದಲು ಕವಲೊಡೆದು ಹಬ್ಬಿದ್ದವು! ಒಂದೇ ಕಷ್ಟ, ಒಂದೇ ತಲೆ. ನೆನಪು ಬಡವಾಗುತ್ತದೆ, ಭಯ ಕೊಬ್ಬುತ್ತದೆ. ಇಲಿಗಳಿಗೆ 21 ದಿನ ಆರಾಮ ಕೊಟ್ಟು ಮತ್ತೆ ನೋಡಿದರು. ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತ್ತು. ಅಮಿಗ್ಡಲಾ ಹಬ್ಬಿದ್ದು ಹಬ್ಬಿದ ಹಾಗೇ ಇತ್ತು. ಈ ಫಲಿತಾಂಶ ಅಚ್ಚಾದದ್ದು 2004ರಲ್ಲಿ. ಇಪ್ಪತ್ತು ವರ್ಷ ಕಳೆದರೂ ಇದನ್ನು ಓದುವಾಗ ಮೈ ಜುಮ್ಮೆನ್ನುತ್ತದೆ.

ನಾನು ಓದುತ್ತಿರುವುದು ಇಂದಿರಾಪುರಂನಲ್ಲಿ ಕೂತು. ದೆಹಲಿಯ ಪೂರ್ವದ ಗಡಿ ದಾಟಿದ ಕೂಡಲೇ, ಹಿಂಡನ್ ನದಿ ಸಿಗುವ ಮೊದಲೇ, ಗಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರ ಕಟ್ಟಿದ ಬಡಾವಣೆ. ನ್ಯಾಯ ಖಂಡ, ನೀತಿ ಖಂಡ, ಜ್ಞಾನ ಖಂಡ, ಅಹಿಂಸಾ ಖಂಡ, ಅಭಯ ಖಂಡ... ವಿಳಾಸ ಓದುತ್ತಿದ್ದರೆ ಯಾವುದೋ ಆಶ್ರಮಕ್ಕೆ ಬಂದೆವೇನೋ ಅನ್ನಿಸಬೇಕು. ತಲೆ ಎತ್ತಿದರೆ ಸಾಲು ಸಾಲು ಬಹುಮಹಡಿ ಗೋಪುರ. ಒಂದು ಮಗ್ಗುಲಲ್ಲಿ ದೆಹಲಿ–ಮೇರಠ್ ಹೆದ್ದಾರಿ. ಅದರಲ್ಲಿ ದೆಹಲಿಯ ಕಡೆಗೆ ಹೊರಟರೆ 1984ರಿಂದ ದೆಹಲಿಯ ಕಸ ಹೊತ್ತ ಗಾಜಿಪುರದ ಗುಡ್ಡ. 2019ರ ಹೊತ್ತಿಗೆ ಅದರ ಎತ್ತರ 65 ಮೀಟರ್. ಇಲ್ಲಿನ ಮಕನ್‌ಪುರ, ಕನಾವನಿಯಂಥ ಹಳೆಯ ಹಳ್ಳಿಗಳವರನ್ನು ಬಿಟ್ಟರೆ ಮಿಕ್ಕವರೆಲ್ಲ ಬೇರೆ ಕಡೆಯಿಂದ ಬಂದವರು: ಬಿಹಾರ, ಉತ್ತರಾಖಂಡ, ಬಂಗಾಳ, ಕೇರಳ. ನಮ್ಮಂಥ ಕೆಲವು ಕನ್ನಡದವರೂ.

ಇಂಥ ಊರಿಗೂ ಮನಸ್ಸಿಗೂ ಏನು ನಂಟು? ಮನೆಯಲ್ಲೊಬ್ಬರಿಗೆ ಮಾನಸಿಕ ಕಾಯಿಲೆ ಬಂದರೆ ನಮ್ಮ ಜನ ಮೊದಲು ಕೇಳುವುದು ಏನು? "ಅವರ ವಂಶದಲ್ಲಿ ಯಾರಿಗಾದರೂ ಇತ್ತಾ?" ವಂಶದ ಪಾತ್ರ ನಿಜವೇ. ಆದರೆ ಜೀನುಗಳೆಲ್ಲ ಒಂದೇ ಆಗಿರುವ ಏಕರೂಪ ಅವಳಿಗಳನ್ನು ತೆಗೆದುಕೊಳ್ಳಿ. ಒಬ್ಬರಿಗೆ ಸ್ಕಿಜೋಫ್ರೀನಿಯಾ, ಅಂದರೆ ಇಲ್ಲದ ದನಿ ಕೇಳಿಸುವಂಥ ತೀವ್ರ ಮನೋರೋಗ, ಇದ್ದರೆ ಇನ್ನೊಬ್ಬರಿಗೂ ಬರುವ ಸಾಧ್ಯತೆ ಹೆಚ್ಚೆಂದರೆ ಅರ್ಧ. ಉಳಿದರ್ಧ ಎಲ್ಲಿಂದ ಬರುತ್ತದೆ? ಹೊರಗಿನಿಂದ! ಗರ್ಭದಿಂದ, ಗಾಳಿಯಿಂದ, ಬೀದಿಯಿಂದ, ಮನೆಯವರ ಮಾತಿನಿಂದ. ಈ "ಹೊರಗು" ತಲೆಬುರುಡೆಯೊಳಕ್ಕೆ ಹೇಗೆ ಹೊಕ್ಕಿತು ಎಂಬುದರ ಪತ್ತೇದಾರಿ ಕಥೆ ಕೊಲೆ ಕಾದಂಬರಿಗಿಂತ ರೋಚಕ.

1939ರಲ್ಲಿ ಶಿಕಾಗೋದ ಫ್ಯಾರಿಸ್ ಮತ್ತು ಡನ್‌ಹ್ಯಾಮ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಆಸ್ಪತ್ರೆ ಸೇರಿದ ಮನೋರೋಗಿಗಳ ವಿಳಾಸಗಳನ್ನು ನಗರದ ನಕ್ಷೆಯ ಮೇಲೆ ಗುರುತಿಸಿದರು. ಸ್ಕಿಜೋಫ್ರೀನಿಯಾ ಊರಿನ ನಡುಮಧ್ಯದ ಬಡ, ದಟ್ಟ ಬೀದಿಗಳಲ್ಲಿ ಕಿಕ್ಕಿರಿದಿತ್ತು; ಹೊರವಲಯಕ್ಕೆ ಹೋದಂತೆ ತೆಳುವಾಗುತ್ತಿತ್ತು. ಕೂಡಲೇ ಆಕ್ಷೇಪ ಎದ್ದಿತು: ಊರು ಕಾಯಿಲೆ ತಂದಿತೋ, ಕಾಯಿಲೆಯವರೇ ಬಡತನಕ್ಕೆ ಜಾರಿ ಆ ಬೀದಿಗೆ ಬಂದು ಬಿದ್ದರೋ? ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಅರವತ್ತು ವರ್ಷ ಕಾಯಬೇಕಾಯಿತು. ಹುಟ್ಟಿದ ಪ್ರತಿ ಮಗುವಿನ ವಿಳಾಸವನ್ನೂ ದಾಖಲಿಸಿಡುವ ಡೆನ್ಮಾರ್ಕ್‌ನಿಂದ 2001ರಲ್ಲಿ ಅದು ಬಂತು. ಹದಿನೈದು ವರ್ಷ ತುಂಬುವ ಮೊದಲು ನಗರದಲ್ಲಿ ಕಳೆದ ವರ್ಷಗಳು ಹೆಚ್ಚಿದಷ್ಟೂ ಮುಂದೆ ಸ್ಕಿಜೋಫ್ರೀನಿಯಾ ಬರುವ ಸಂಭವ ಏರುತ್ತಿತ್ತು! ಕಾಯಿಲೆ ಬರುವುದಕ್ಕೆ ಎಷ್ಟೋ ವರ್ಷ ಮುಂಚಿನ ಬಾಲ್ಯದ ಲೆಕ್ಕ ಇದು. ಜಾರಿ ಬಂದರೆಂಬ ವಾದ ಇಲ್ಲಿ ಅಷ್ಟು ಸುಲಭವಾಗಿ ನಿಲ್ಲದು.

ಆಮೇಲೆ 2011ರಲ್ಲಿ ಜರ್ಮನಿಯ ಮ್ಯಾನ್‌ಹೈಮ್‌ನ ಆಂಡ್ರಿಯಾಸ್ ಮೇಯರ್-ಲಿಂಡನ್‌ಬರ್ಗ್ ತಂಡ ಆರೋಗ್ಯವಂತರನ್ನೇ ಸ್ಕ್ಯಾನರ್‌ನೊಳಗೆ ಮಲಗಿಸಿ ಕಷ್ಟದ ಲೆಕ್ಕ ಕೊಟ್ಟಿತು. ಕಿವಿಗೆ ಬೈಗುಳ: "ನಿಮ್ಮದು ತುಂಬಾ ನಿಧಾನ, ಬೇರೆಯವರು ಚೆನ್ನಾಗಿ ಮಾಡುತ್ತಿದ್ದಾರೆ." ಆಗ ಯಾರ ಅಮಿಗ್ಡಲಾ ಹೆಚ್ಚು ಉರಿಯಿತು? ಈಗ ನಗರದಲ್ಲಿ ಇರುವವರದು. ಬಾಲ್ಯವನ್ನು ನಗರದಲ್ಲಿ ಕಳೆದವರಲ್ಲಿ ಇನ್ನೊಂದು ಭಾಗ, ಅಮಿಗ್ಡಲಾಗೆ ಲಗಾಮು ಹಾಕುವ ಭಾಗ, ಬೇರೆ ಥರ ವರ್ತಿಸಿತು. ಇವತ್ತಿನ ವಿಳಾಸ ಒಂದು ಕಡೆ, ಬಾಲ್ಯದ ವಿಳಾಸ ಇನ್ನೊಂದು ಕಡೆ, ಎರಡೂ ಮಿದುಳಿನಲ್ಲಿ ನೋಂದಣಿಯಾಗಿವೆ! ಬೆಂಗಳೂರಿನ ಇಲಿಗಳಲ್ಲಿ ಹಬ್ಬಿದ್ದ ಅದೇ ಅಮಿಗ್ಡಲಾ.

ಇನ್ನು ಗಾಳಿ. ಇಂದಿರಾಪುರಂನಲ್ಲಿ ಕೂತು ಗಾಳಿಯ ಮಾತೆತ್ತದೆ ಇರುವುದಾದರೂ ಹೇಗೆ? ಉತ್ತರ ಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವೊಂದು ಇದೇ ಬಡಾವಣೆಯಲ್ಲಿದೆ. ದೀಪಾವಳಿಯ ಆಸುಪಾಸಿನಲ್ಲಿ ಇಲ್ಲಿನ ಜನ ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ "ಇವತ್ತು ಎಕ್ಯೂಐ ಎಷ್ಟು?" ಎಂದು ಲಿಫ್ಟಿನಲ್ಲಿ ಗಾಳಿಯ ಗುಣಮಟ್ಟದ ಸೂಚ್ಯಂಕ ಕೇಳಿಕೊಳ್ಳುತ್ತಾರೆ. 2019ರಲ್ಲಿ ಐಕ್ಯೂಏರ್ ಸಂಸ್ಥೆಯ ಪಟ್ಟಿಯಲ್ಲಿ ಗಾಜಿಯಾಬಾದ್ ಜಗತ್ತಿನಲ್ಲೇ ಅತಿ ಕಲುಷಿತ ನಗರ: ಗಾಳಿಯಲ್ಲಿನ ಸೂಕ್ಷ್ಮ ಪಿಎಂ 2.5 ಕಣಗಳ ವರ್ಷದ ಸರಾಸರಿ ಘನಮೀಟರಿಗೆ 110.2 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ 5. ನಮ್ಮ ಸರ್ಕಾರದ ಉದಾರ ಮಿತಿ 40.

ಈ ಕಣಗಳು ಶ್ವಾಸಕೋಶ ಕೆಡಿಸುತ್ತವೆ ಎಂದು ಮಕ್ಕಳಿಗೂ ಗೊತ್ತು. ಆದರೆ ಮಿದುಳಿಗೆ? 2016ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಮಾಹರ್ ಮತ್ತು ಸಂಗಡಿಗರು ಮೆಕ್ಸಿಕೋ ಸಿಟಿ ಹಾಗೂ ಮ್ಯಾಂಚೆಸ್ಟರ್‌ನಲ್ಲಿ ತೀರಿಕೊಂಡ 37 ಜನರ ಮಿದುಳನ್ನು ಪರೀಕ್ಷಿಸಿದರು. ಅತಿ ಕಿರಿಯರಿಗೆ 3 ವರ್ಷ, ಹಿರಿಯರಿಗೆ 92. ಮಿದುಳಿನಲ್ಲಿ ಸಿಕ್ಕಿದ್ದು ಮ್ಯಾಗ್ನೆಟೈಟ್, ಅಯಸ್ಕಾಂತೀಯ ಕಬ್ಬಿಣದ ಆಕ್ಸೈಡಿನ ನ್ಯಾನೋ ಕಣಗಳು! ಮೈಯೊಳಗೇ ಹುಟ್ಟುವ ಇಂಥ ಹರಳುಗಳಿಗೆ ಚೂಪಾದ ಅಂಚು ಇರುತ್ತದೆ. ಇವು ದುಂಡಗಿದ್ದವು, ಎಂಜಿನ್‌ನಂಥ ಭಾರಿ ಶಾಖದಲ್ಲಿ ಕರಗಿ ಹೆಪ್ಪುಗಟ್ಟಿದವುಗಳ ಹಾಗೆ. ಮೂಗಿನ ಮೇಲ್ಭಾಗದಿಂದ ವಾಸನೆಯ ನರ ಹಿಡಿದು ನೇರ ಮಿದುಳಿಗೆ ಏರಿರಬಹುದು ಎಂಬುದು ಅವರ ಊಹೆ.

ಕಣ ಇದ್ದ ಮಾತ್ರಕ್ಕೆ ಕಾಯಿಲೆ ಬಂತೆನ್ನಲಾಗದು, ಒಪ್ಪಿದೆ. ಹಾಗಾದರೆ 2019ರ ಬ್ರಿಟನ್ನಿನ ಅಧ್ಯಯನ ನೋಡಿ. 1994–95ರಲ್ಲಿ ಹುಟ್ಟಿದ 2,232 ಅವಳಿ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ, ಹದಿನೆಂಟರ ಹರೆಯದಲ್ಲಿ ಕೇಳಿದರು: ಯಾರೂ ಇಲ್ಲದಾಗ ದನಿ ಕೇಳಿಸುತ್ತದೆಯೇ? ಯಾರೋ ನಿಮ್ಮ ಬೆನ್ನು ಹತ್ತಿದ್ದಾರೆ ಎನಿಸುತ್ತದೆಯೇ? ವಾಹನಗಳ ಹೊಗೆಯ ನೈಟ್ರೋಜನ್ ಆಕ್ಸೈಡುಗಳು ಹೆಚ್ಚಿದ್ದ ಕಡೆ ಬೆಳೆದವರಲ್ಲಿ ಇಂಥ ಅನುಭವ ಹೆಚ್ಚು. ಇನ್ನೂ ಸೋಜಿಗವೆಂದರೆ, ನಗರವಾಸಕ್ಕೂ ಈ ಅನುಭವಗಳಿಗೂ ಇದ್ದ ನಂಟಿನ ಸುಮಾರು ಶೇ 60 ಭಾಗವನ್ನು ಲೆಕ್ಕದ ಮಟ್ಟಿಗೆ ಈ ಅನಿಲಗಳೇ ವಿವರಿಸಿದವು. ಶಿಕಾಗೋದ ನಕ್ಷೆ ಎಂಬತ್ತು ವರ್ಷದ ನಂತರ ಹೊಗೆಯ ನಕ್ಷೆಯ ಜೊತೆ ಕೈಜೋಡಿಸಿದ ಹಾಗಾಯಿತು. ಗದ್ದಲ, ಬಡತನ, ನೆರೆಹೊರೆಯ ಅಪರಾಧ ಇವೂ ಜೊತೆಗಿರಬಹುದೆಂದು ಸಂಶೋಧಕರೇ ಎಚ್ಚರಿಸಿದ್ದಾರೆ. ಆದರೂ ಆ ಶೇ 60ನ್ನು ಓದಿದ ಮೇಲೆ ನಾನು ಕಿಟಕಿ ಮುಚ್ಚಿ ಬಂದೆ.

ಹೊರಗಿನ ಪರಿಸರ, ಒಳಗಿನ ಮನಸ್ಸು ಎರಡೂ ಕೂಡಿ ಏನು ಮಾಡಬಲ್ಲವು ಎಂಬುದಕ್ಕೆ ಇಲ್ಲಿನದೇ ಒಂದು ಕಥೆ ಇದೆ. 2001ರ ಮೇ ತಿಂಗಳು. ಇಂದಿರಾಪುರಂನ ಗೋಪುರಗಳು ಆಗಿನ್ನೂ ಏಳುತ್ತಿದ್ದವು. ಸುಡುವ ಸೆಕೆ, ರಾತ್ರಿಯೆಲ್ಲ ಕರೆಂಟಿಲ್ಲ, ಜನ ತಾರಸಿಯ ಮೇಲೆ ಮಲಗುತ್ತಿದ್ದರು. ಗಾಜಿಯಾಬಾದ್ ಕಡೆಯಿಂದ ಸುದ್ದಿ ಎದ್ದಿತು: ಕಾಲಾ ಬಂದರ್! ಕರೀ ಕೋತಿಮನುಷ್ಯ! ಒಬ್ಬರ ಕಣ್ಣಿಗೆ ಕೂದಲು ಮೈಯ ಪ್ರಾಣಿ, ಇನ್ನೊಬ್ಬರ ಕಣ್ಣಿಗೆ ಹೆಲ್ಮೆಟ್ ತೊಟ್ಟು ಲೋಹದ ಉಗುರು ಹಾಕಿಕೊಂಡವನು, ಕೆಂಪಗೆ ಹೊಳೆಯುವ ಕಣ್ಣು, ಮಹಡಿಯಿಂದ ಮಹಡಿಗೆ ಜಿಗಿತ. ಪೂರ್ವ ದೆಹಲಿಗೆ, ನೋಯ್ಡಾಗೆ ಹಬ್ಬಿತು. ಪೊಲೀಸರಿಗೆ ನೂರಾರು ಕರೆ. ಅವರೂ ಚಿತ್ರ ಬರೆಸಿದರು, ಬಹುಮಾನ ಘೋಷಿಸಿದರು. ಹೆದರಿ ತಾರಸಿಯಿಂದ ಬಿದ್ದು ಸತ್ತವರೂ ಇದ್ದಾರೆ. ಪರಚಿದ ಗಾಯ ತೋರಿಸಿ ಆಸ್ಪತ್ರೆಗೆ ಬಂದವರನ್ನು ವೈದ್ಯರು ಪರೀಕ್ಷಿಸಿದರು. ವಿಧಿವಿಜ್ಞಾನ ತಜ್ಞರೂ ಮನೋವೈದ್ಯರೂ ಹುಡುಕಿದರು. ಕೋತಿ ಇಲ್ಲ, ಮನುಷ್ಯನೂ ಇಲ್ಲ. ಇದ್ದದ್ದು ನಿದ್ದೆಗೆಟ್ಟ, ಕತ್ತಲಲ್ಲಿ ಬೆವರುತ್ತಿದ್ದ ಸಾವಿರಾರು ಜನ ಮತ್ತು ಮೈದಾನದಷ್ಟು ವಿಶಾಲವಾದ ಒಂದೇ ಭಯ.

ನಗಬೇಡಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆಮನೆಯ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು ದೆವ್ವವನ್ನು ವಾಪಸು ಕಳಿಸಿದವರು ನಾವೇ ಅಲ್ಲವೇ! ಇದನ್ನು ಕಾಯಿಲೆ ಎನ್ನಲಾಗದು. ಆದರೆ ಸೆಕೆ, ಕತ್ತಲು, ನಿದ್ದೆಗೇಡು, ವದಂತಿ ಇವು ನಾಲ್ಕೂ ಸೇರಿದರೆ ಆರೋಗ್ಯವಂತ ಮಿದುಳೂ ಕಣ್ಣೆದುರಿಗೆ ಪ್ರಾಣಿಯನ್ನೇ ನಿಲ್ಲಿಸಬಲ್ಲದು ಎಂಬುದನ್ನು ಒಂದು ಊರಿಗೆ ಊರೇ ತೋರಿಸಿಕೊಟ್ಟಿತು.

ಕೋತಿಮನುಷ್ಯನ ವಿಷಯದಲ್ಲಿ ಪೊಲೀಸರು ಸಲಹೆ ಕೇಳಿದ ಮನೋವೈದ್ಯರು ದಿಲ್‌ಶಾದ್ ಗಾರ್ಡನ್‌ನ ಇಹ್ಬಾಸ್ ಸಂಸ್ಥೆಯವರು. ಇಂದಿರಾಪುರಂಗೆ ಹತ್ತಿರದ ದೊಡ್ಡ ಮನೋವೈದ್ಯ ಸಂಸ್ಥೆ ಅದೇ. ಮೊದಲು ಅದು ಶಹದರಾದ ಹಳೆಯ ಮಾನಸಿಕ ಆಸ್ಪತ್ರೆ. ಅಲ್ಲಿನ ದುರವಸ್ಥೆ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದಾಗ, ಅದನ್ನು ಯಾವುದರ ಮಾದರಿಯಲ್ಲಿ ಹೊಸದಾಗಿ ಕಟ್ಟಬೇಕೆಂದು ಹೇಳಲಾಯಿತು ಗೊತ್ತೇ? ಬೆಂಗಳೂರಿನ ನಿಮ್ಹಾನ್ಸ್!

ಈಗ ಮನೆಯವರ ಮಾತಿಗೆ ಬರೋಣ. 1950ರ ದಶಕದ ಲಂಡನ್. ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞ ಆಸ್ಪತ್ರೆಯಿಂದ ಬಿಡುಗಡೆಯಾದ ರೋಗಿಗಳ ಬೆನ್ನು ಹತ್ತಿದರು. ಅಪ್ಪ ಅಮ್ಮನ ಅಥವಾ ಹೆಂಡತಿಯ ಬಳಿಗೆ ಮರಳಿದವರು ಬೇಗ ಗುಣವಾಗಬೇಕಲ್ಲವೇ? ಆದದ್ದು ತದ್ವಿರುದ್ಧ. ಬಾಡಿಗೆ ಕೋಣೆಗೆ ಹೋದವರಿಗಿಂತ ಹೆಚ್ಚಾಗಿ ಅವರೇ ಮತ್ತೆ ಕಾಯಿಲೆ ಬಿದ್ದರು! ಹುಡುಕುತ್ತಾ ಹೋದರೆ ಸಿಕ್ಕಿದ್ದು ಮಾತಿನ ಧಾಟಿ. ಎಡೆಬಿಡದ ಟೀಕೆ, ಹಗೆ, ಅಥವಾ ಉಸಿರುಗಟ್ಟಿಸುವ ಅತಿ ಕಾಳಜಿ ಇದ್ದ ಮನೆಗಳಲ್ಲಿ ಕಾಯಿಲೆ ಮರುಕಳಿಸುತ್ತಿತ್ತು. ಇಲ್ಲೊಂದು ಎಚ್ಚರ ಬೇಕು. ಅಮ್ಮನೇ ಸ್ಕಿಜೋಫ್ರೀನಿಯಾ ತಂದಳು ಎಂಬ ಸಿದ್ಧಾಂತವೊಂದು ಅದೇ ಕಾಲದಲ್ಲಿ ಅಮೆರಿಕದಲ್ಲಿ ಮೆರೆದಿತ್ತು. ಅದು ಸುಳ್ಳು, ಕ್ರೂರ ಸುಳ್ಳು. ಎಷ್ಟೋ ತಾಯಂದಿರನ್ನು ಜೀವಂತ ಸುಟ್ಟಿತು. ಬ್ರೌನ್ ಹೇಳಿದ್ದು ಕಾಯಿಲೆ ಹುಟ್ಟುವ ಮಾತಲ್ಲ, ಮರಳುವ ಮಾತು.

ಇದೇ ಅಳತೆಗೋಲು ಹಿಡಿದು ಚಂಡೀಗಢಕ್ಕೆ ಬಂದಾಗ, ಎನ್.ಎನ್. ವಿಗ್ ಮತ್ತು ಲಂಡನ್ನಿನ ಜೂಲಿಯನ್ ಲೆಫ್ ತಂಡ 1987ರಲ್ಲಿ ಕಂಡದ್ದು, ಅಂಥ ಕಟುಮಾತಿನ ಮನೆಗಳು ಇಲ್ಲಿ ಲಂಡನ್ನಿಗಿಂತ ಬಹಳ ಕಡಿಮೆ. ಅದಕ್ಕೂ ಮೊದಲೇ ಇಂದಿರಾಪುರಂನಿಂದ ಇನ್ನೂರು ಕಿಲೋಮೀಟರ್ ದೂರದ ಆಗ್ರಾ ಜಗತ್ತನ್ನು ಬೆಚ್ಚಿಬೀಳಿಸಿತ್ತು. 1960ರ ದಶಕದ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತು ದೇಶಗಳಲ್ಲಿ ಸ್ಕಿಜೋಫ್ರೀನಿಯಾ ಅಧ್ಯಯನ ಶುರುಮಾಡಿದಾಗ ಲಂಡನ್, ವಾಷಿಂಗ್ಟನ್, ಮಾಸ್ಕೋ ಜೊತೆ ಆಗ್ರಾ ಕೂಡ ಒಂದು ಕೇಂದ್ರ. ಎರಡು ವರ್ಷ, ಐದು ವರ್ಷ ಬಿಟ್ಟು ನೋಡಿದರೆ ಹೆಚ್ಚು ಚೇತರಿಸಿಕೊಂಡವರು ಸಿರಿವಂತ ನಗರಗಳವರಲ್ಲ. ಆಗ್ರಾದವರು, ನೈಜೀರಿಯಾದ ಇಬಾದಾನ್‌ನವರು! ಕೂಡುಕುಟುಂಬವೇ? ಕಾಯಿಲೆಯವರಿಗೂ ಕೈಲಾದ ಕೆಲಸ ಕೊಡುವ ಹೊಲವೇ? ಜಗಳ ಇಂದಿಗೂ ಮುಗಿದಿಲ್ಲ, ನಮ್ಮ ದೇಶದ ತಜ್ಞರೇ ಇದನ್ನು ಅನುಮಾನಿಸಿದ್ದಾರೆ. ಕೂಡುಕುಟುಂಬವನ್ನು ಹೊಗಳಿ ಹಾಡುವವರಿಗೆ ನಾನು ತೀರ್ಥಹಳ್ಳಿಯನ್ನು ನೆನಪಿಸುತ್ತೇನೆ. ನಿಮ್ಹಾನ್ಸ್‌ನ ಜಗದೀಶ ತೀರ್ಥಹಳ್ಳಿ, ಬಿ.ಎನ್. ಗಂಗಾಧರ್ ಮತ್ತಿತರರು ಆ ತಾಲ್ಲೂಕಿನ ಹಳ್ಳಿಗಳಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಹುಡುಕಿ ಹಿಂಬಾಲಿಸಿದರು. ಕುಟುಂಬವೂ ಇತ್ತು, ತೋಟವೂ ಇತ್ತು, ಮಲೆನಾಡಿನ ಹಸಿರೂ ಇತ್ತು. ಆದರೂ ಔಷಧಿ ಸಿಕ್ಕವರ ಬದುಕು ಸುಧಾರಿಸಿದಂತೆ ಸಿಗದವರದು ಸುಧಾರಿಸಲಿಲ್ಲ.

ವಲಸೆಯ ಕಥೆ ಚುಟುಕಾಗಿ. 1932ರಲ್ಲಿ ಅಮೆರಿಕದ ಮಿನೆಸೋಟಾಗೆ ಹೋದ ನಾರ್ವೆಯವರಲ್ಲಿ ಸ್ಕಿಜೋಫ್ರೀನಿಯಾ ಹೆಚ್ಚೆಂದು ಓಡೆಗಾರ್ಡ್ ತೋರಿಸಿದರು. ಮುಂದೆ 2001ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಕಂಡದ್ದು ಇನ್ನೂ ವಿಚಿತ್ರ: ಬಿಳಿಯರಲ್ಲದ ಅಲ್ಪಸಂಖ್ಯಾತರಿಗೆ ತಮ್ಮವರು ಹೆಚ್ಚಿರುವ ಬೀದಿಯಲ್ಲಿ ಅಪಾಯ ಕಡಿಮೆ, ತಾವು ಒಂಟಿಯಾದ ಬೀದಿಯಲ್ಲಿ ಹೆಚ್ಚು. ಅಲ್ಲಿನ ಬಣ್ಣದ ತಾರತಮ್ಯವನ್ನು ಇಲ್ಲಿಗೆ ತಂದು ಅಂಟಿಸುವುದು ಸರಿಯಲ್ಲ. ಆದರೂ ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದ ಕಾರ್ಯಕ್ರಮಕ್ಕೆ ಯಮುನೆ ದಾಟಿ, ಇಡೀ ದೆಹಲಿಯ ಟ್ರಾಫಿಕ್ ಸೀಳಿ ಹೋಗುವ ನಮ್ಮವರನ್ನು ಕಂಡಾಗ ಈ ಅಧ್ಯಯನ ನೆನಪಾಗದೆ ಇರದು.

ಇನ್ನೂ ಹಿಂದಕ್ಕೆ, ಗರ್ಭದವರೆಗೆ ಹೋಗಿ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಹಾಲೆಂಡಿನ ಪಶ್ಚಿಮ ಭಾಗಕ್ಕೆ ಆಹಾರ ತಡೆಯಿತು. ಆ ಬರದ ಉತ್ತುಂಗದಲ್ಲಿ ಗರ್ಭದಲ್ಲಿ ಮೂಡಿದ ಮಕ್ಕಳು ದೊಡ್ಡವರಾದಾಗ ಅವರಲ್ಲಿ ಸ್ಕಿಜೋಫ್ರೀನಿಯಾ ಸುಮಾರು ಎರಡು ಪಟ್ಟು! ಕಾಣದ ಹಸಿವೊಂದು ಇಪ್ಪತ್ತು ಮೂವತ್ತು ವರ್ಷ ಕಾದು ಕೂತಿತ್ತು. ಮೈಸೂರಿನವರಿಗೆ ಇಲ್ಲಿ ಹೆಮ್ಮೆ ಪಡುವ ವಿಷಯವಿದೆ. ಮಿಷನ್ ಆಸ್ಪತ್ರೆ ಎಂದು ಎಲ್ಲರೂ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕದ ದಾಖಲೆ ಇದೆ. 1997–98ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರ ಮಕ್ಕಳನ್ನು ಅಂದಿನಿಂದ ಹಿಂಬಾಲಿಸುತ್ತಾ ಬಂದಿದ್ದಾರೆ. ಗರ್ಭಿಣಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದಲ್ಲಿ ಒಂಬತ್ತು–ಹತ್ತು ವರ್ಷದ ಮಗುವಿನ ಕಲಿಕೆಯ ಅಂಕವೂ ಹೆಚ್ಚು ಎಂದು 2010ರಲ್ಲಿ ಗೊತ್ತಾಯಿತು. ಫೋಲೇಟ್ ಎಂದರೆ ಸೊಪ್ಪು, ಬೇಳೆಕಾಳು!

ಈ ಮೈಸೂರಿನ ಮಕ್ಕಳೂ ಸೇರಿ ಸಾವಿರಾರು ಭಾರತೀಯ ಮಕ್ಕಳು, ಯುವಕರನ್ನು ನಿಮ್ಹಾನ್ಸ್‌ನ ವಿವೇಕ್ ಬೆನೆಗಲ್ ಮತ್ತು ಲಂಡನ್ನಿನ ಗುಂಟರ್ ಶೂಮನ್ ನೇತೃತ್ವದ ಸಿ-ವೇದ ಯೋಜನೆ ಅಧ್ಯಯನಕ್ಕೆ ಸೇರಿಸಿಕೊಂಡಿದೆ. ಬೆಂಗಳೂರು, ಮೈಸೂರು, ಚಂಡೀಗಢ, ಕೋಲ್ಕತ್ತ, ಇಂಫಾಲ, ರಿಷಿ ವ್ಯಾಲಿ, ಎಲ್ಲೆಲ್ಲಿಂದಲೋ. ಮಿದುಳಿನ ಸ್ಕ್ಯಾನು, ಮೂತ್ರದಲ್ಲಿನ ಆರ್ಸೆನಿಕ್, ಬಾಲ್ಯದ ಕಷ್ಟ, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವ ಸಾಹಸ. 2023ರಲ್ಲಿ 1,014 ಜನರ ಲೆಕ್ಕ ಹೊರಬಿತ್ತು: ಕಡಿಮೆ ಮಟ್ಟದ ಆರ್ಸೆನಿಕ್ ಕೂಡ, ಯೋಚಿಸಿ ತಡೆದು ಮುಂದಡಿ ಇಡಲು ಬೇಕಾದ ಮಿದುಳಿನ ಭಾಗಗಳು ಕಿರಿದಾಗಿರುವುದರ ಜೊತೆ ನಂಟು ಹೊಂದಿದೆ. ನಮ್ಮ ಮಕ್ಕಳ ಬಗ್ಗೆ ಡೆನ್ಮಾರ್ಕಿನ ಲೆಕ್ಕ ನೋಡಿ ಊಹಿಸುವ ಕಾಲ ಮುಗಿಯುತ್ತಿದೆ.

ಹಾಗಾದರೆ ಊರು ಒಮ್ಮೆ ಮಿದುಳಿಗಿಳಿದರೆ ಮುಗಿಯಿತೇ? ಇಲ್ಲ, ಇದೇ ಕಥೆಯ ಅತಿ ದೊಡ್ಡ ಬೆರಗು! ಅದೇ ಶಂಕರನಾರಾಯಣ ರಾವ್, ಅದೇ ನಿಮ್ಹಾನ್ಸ್. ದಿನಗಟ್ಟಲೆ ಒತ್ತಡ ತಿಂದ ಇಲಿಗಳನ್ನು ಬರಿಯ ಪಂಜರದ ಬದಲು ಆಟಿಕೆ, ಸುರಂಗ, ಸಂಗಾತಿಗಳಿರುವ ದೊಡ್ಡ ಮನೆಗೆ ಬಿಟ್ಟರು. ಅವುಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಕುಂದಿದ್ದ ಹೊಸ ಕೋಶಗಳ ಹುಟ್ಟು ಮರಳಿತು, ಕಲಿಕೆ ಮರಳಿತು. 2009ರಲ್ಲಿ ಪ್ರಕಟವಾದ ಫಲಿತಾಂಶ. ಊರು ಇಳಿಯುವ ದಾರಿಯಲ್ಲೇ ಒಳ್ಳೆಯ ಊರೂ ಇಳಿಯಬಹುದು. ಡೆನ್ಮಾರ್ಕಿನವರು 2019ರಲ್ಲಿ ಉಪಗ್ರಹ ಚಿತ್ರಗಳನ್ನು ಒಂಬತ್ತು ಲಕ್ಷಕ್ಕೂ ಹೆಚ್ಚು ಜನರ ದಾಖಲೆಯೊಂದಿಗೆ ತಾಳೆ ನೋಡಿದರು: ಬಾಲ್ಯದಲ್ಲಿ ಮನೆಯ ಸುತ್ತ ಹಸಿರು ಅತಿ ಕಡಿಮೆ ಇದ್ದವರಿಗೆ ಮುಂದೆ ಮಾನಸಿಕ ಕಾಯಿಲೆಯ ಅಪಾಯ ಶೇ 55ರವರೆಗೆ ಹೆಚ್ಚು. ಇಂದಿರಾಪುರಂನ ನಡುವಿನ ಸ್ವರ್ಣ ಜಯಂತಿ ಪಾರ್ಕನ್ನು ಇಷ್ಟು ದಿನ ನಾನು ವಾಕಿಂಗ್ ಜಾಗ ಎಂದುಕೊಂಡಿದ್ದೆ. ಅದು ಸಾರ್ವಜನಿಕ ಆರೋಗ್ಯ ಇಲಾಖೆಯ ಆಸ್ತಿಯಾಗಿರಬೇಕಿತ್ತು. ಗೋಪುರಗಳ ನಕ್ಷೆಗೆ ಅನುಮತಿ ಕೊಡುವ ಕಚೇರಿಯಲ್ಲಿ ಒಬ್ಬ ಮನೋವೈದ್ಯರಿಗೂ ಕುರ್ಚಿ ಹಾಕಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ; ನಗುವವರು ನಗಲಿ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ಶೇ 10.6 ಜನರಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಮಹಾನಗರಗಳಲ್ಲಿ ಇನ್ನೂ ಹೆಚ್ಚು. ಬಹುಪಾಲು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ನಿದ್ದೆ ಬಾರದ, ದನಿ ಕೇಳಿಸುವ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ವಂಶವೃಕ್ಷ ಕೆದಕುತ್ತಾ ಕೂರಬೇಡಿ, ಫೋನ್ ತೆಗೆಯಿರಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೂ ಮಾತಾಡಬಹುದು.